ತುಂಬಿಸುವುದೋ, ಬದಲಿಸುವುದೋ?

ಅಡುಗೆ ಅನಿಲ ಮುಗಿದ ದಿನ ಕರ್ನಾಟಕದ ಯಾವ ಗೃಹಿಣಿಯೂ ಖಾಲಿ ಸಿಲಿಂಡರನ್ನು ಹೊತ್ತುಕೊಂಡು ಅನಿಲ ತುಂಬುವ ಸ್ಥಾವರಕ್ಕೆ ಹೋಗುವುದಿಲ್ಲ. ಏಜೆನ್ಸಿಯ ಹುಡುಗ ತುಂಬಿದ ಸಿಲಿಂಡರನ್ನು ಬಾಗಿಲಿಗೆ ತರುತ್ತಾನೆ, ಖಾಲಿಯಾದದ್ದನ್ನು ಒಯ್ಯುತ್ತಾನೆ. ಹೋದ ತಿಂಗಳು ಬೇರಾರದೋ ಅಡುಗೆ ಮನೆಯಲ್ಲಿದ್ದ ಸಿಲಿಂಡರ್ ಈ ತಿಂಗಳು ಈ ಮನೆಗೆ ಬರುತ್ತದೆ. ಅದು ಎಷ್ಟು ಹಳೆಯದು, ಎಷ್ಟು ಕೈ ದಾಟಿ ಬಂದಿದೆ ಎಂದು ಕೇಳುವ ಅಭ್ಯಾಸ ಯಾರಿಗೂ ಇಲ್ಲ.

ಅಮೆರಿಕದಲ್ಲಿ ಒಂದು ವರ್ಗದ ಜನ ಮಾತ್ರ ಇದೇ ಪ್ರಶ್ನೆಯನ್ನು ಎತ್ತಿಕೊಂಡು ದಶಕಗಳಿಂದ ವಾದಿಸುತ್ತಿದ್ದಾರೆ. ಅವರು ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳು. ಅವರ ಸಿಲಿಂಡರಿನಲ್ಲಿ ಇರುವುದು ಅಡುಗೆ ಅನಿಲವಲ್ಲ, ಇಂಗಾಲದ ಡೈ ಆಕ್ಸೈಡ್. ಅದು ಮುಗಿದಾಗ ತಮ್ಮದೇ ಸಿಲಿಂಡರಿಗೆ ಅನಿಲ ತುಂಬಿಸಿಕೊಂಡು ಬರಬೇಕೋ, ಅಥವಾ ಖಾಲಿಯದನ್ನು ಕೊಟ್ಟು ತುಂಬಿದ ಬೇರೊಂದನ್ನು ತರಬೇಕೋ? ಕೇಳಲು ಚಿಲ್ಲರೆ ಪ್ರಶ್ನೆ. ಆದರೆ ಅದರ ಹಿಂದೆ ಹೈಸ್ಕೂಲಿನ ಅರ್ಧ ಭೌತಶಾಸ್ತ್ರವೂ, ಕೆಲವೊಮ್ಮೆ ಮನುಷ್ಯರ ಪ್ರಾಣವೂ ಇದೆ.

ಕಾಯಿದೆ ಕೊಟ್ಟ ಹವ್ಯಾಸ

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಜಾರಿಯಲ್ಲಿತ್ತು. ನಿಷೇಧ ತೆರವಾದಾಗ ಮನೆಯಲ್ಲಿ ದ್ರಾಕ್ಷಾರಸ ಮಾಡಿಕೊಳ್ಳಲು ಅನುಮತಿ ಸಿಕ್ಕಿತು, ಬಿಯರಿಗೆ ಮಾತ್ರ ಸಿಗಲಿಲ್ಲ. ಆ ಲೋಪ ಸರಿಹೋಗಲು ನಾಲ್ಕೂವರೆ ದಶಕ ಬೇಕಾಯಿತು. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆ, ವಯಸ್ಕನೊಬ್ಬ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್ ಬಿಯರನ್ನು ಸ್ವಂತ ಬಳಕೆಗಾಗಿ ಮನೆಯಲ್ಲಿ ತಯಾರಿಸಬಹುದೆಂದಿತು. ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ ಇದರ ಎರಡರಷ್ಟು. ಮಾರುವಂತಿಲ್ಲ. ಅಂತಿಮ ಮಾತು ರಾಜ್ಯಗಳದೇ ಆದ್ದರಿಂದ ಅಲಬಾಮ ಮತ್ತು ಮಿಸಿಸಿಪ್ಪಿಯಂಥ ರಾಜ್ಯಗಳು ಒಪ್ಪಿಕೊಳ್ಳಲು 2013 ಆಯಿತು.

ಕರ್ನಾಟಕದ ಓದುಗರು ಇಲ್ಲಿ ಒಂದು ಮಾತು ನೆನಪಿಡಬೇಕು. ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಅಪರಾಧ. ಆದರೆ ಸಿಲಿಂಡರ್ ಅದೇ, ಅನಿಲ ಅದೇ. ಊರಿನ ಗೋಲಿ ಸೋಡಾ ಮಾಡುವವನ ಹಿತ್ತಿಲಲ್ಲಿ ನಿಂತಿರುವ ಉದ್ದನೆಯ ಉಕ್ಕಿನ ಸಿಲಿಂಡರಿಗೂ, ಮನೆಯಲ್ಲೇ ಸೋಡಾ ಮಾಡಿಕೊಳ್ಳುವ ಹೊಸ ಕಾಲದ ಯಂತ್ರದೊಳಗಿನ ಪುಟ್ಟ ಸಿಲಿಂಡರಿಗೂ ಮುಂದೆ ಹೇಳುವ ವಿಜ್ಞಾನ ಅನ್ವಯಿಸುತ್ತದೆ.

ಬಿಯರಿಗೂ ಸೋಡಾಕ್ಕೂ ಇರುವ ನೆಂಟಸ್ತನ ಇಂದು ನಿನ್ನೆಯದಲ್ಲ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣಕ್ಕೆ ಬಂದ ಜೋಸೆಫ್ ಪ್ರೀಸ್ಟ್ಲಿಯ ಮನೆಯ ಪಕ್ಕದಲ್ಲೇ ಒಂದು ಬಿಯರ್ ತಯಾರಿಕಾ ಕೇಂದ್ರವಿತ್ತು. ಹುದುಗುತ್ತಿದ್ದ ತೊಟ್ಟಿಗಳ ಮೇಲೆ ನಿಂತಿದ್ದ ಗಾಳಿಯಲ್ಲಿ ಉರಿಯುವ ಕಡ್ಡಿ ಆರಿಹೋಗುವುದನ್ನು ಆತ ನೋಡಿದ. ಅದೇ ಗಾಳಿಯನ್ನು ನೀರಿನಲ್ಲಿ ಕರಗಿಸಿದಾಗ ಹಿತವಾದ ಹುಳಿರುಚಿಯ ನೀರು ಸಿಕ್ಕಿತು. ಅದನ್ನು ಮಾಡುವ ವಿಧಾನವನ್ನು 1772ರಲ್ಲಿ ಪುಸ್ತಿಕೆಯಾಗಿ ಪ್ರಕಟಿಸಿದ. ಇಂದಿನ ಸೋಡಾ ಉದ್ಯಮದ ಬೇರು ಇರುವುದು ಅಲ್ಲಿ.

ಪಾನೀಯ ಕಂಪೆನಿಗಳ ಹಳೆಯ ಡಬ್ಬಿ

ಹವ್ಯಾಸಿಯ ಬಿಯರ್ ಮೊದಲು ಬಾಟಲಿಯಲ್ಲೇ ಇರುತ್ತಿತ್ತು. ಒಂದು ಸಲಕ್ಕೆ ಐವತ್ತು ಬಾಟಲಿ ತೊಳೆದು, ತುಂಬಿ, ಮುಚ್ಚಳ ಒತ್ತುವುದು ಬೇಸರದ ಕೆಲಸ. ಅಷ್ಟರಲ್ಲಿ ಒಂದು ಅನುಕೂಲ ಒದಗಿತು. ಪೆಪ್ಸಿ, ಕೋಕಾ ಕೋಲಾದಂಥ ಪಾನೀಯಗಳ ಪಾಕವನ್ನು ಹೋಟೆಲುಗಳಿಗೆ ಒಯ್ಯಲು 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಹಿಡಿಯುವ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಗಳನ್ನು ಬಳಸುತ್ತಿದ್ದರು. ಇವಕ್ಕೆ ಕಾರ್ನೇಲಿಯಸ್ ಕೆಗ್ ಎಂದು ಹೆಸರು. ಕ್ರಮೇಣ ಕಂಪೆನಿಗಳು ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲಗಳಿಗೆ ಬದಲಾಯಿಸಿಕೊಂಡಾಗ ಈ ಡಬ್ಬಿಗಳು ಗುಜರಿ ದರದಲ್ಲಿ ಮಾರುಕಟ್ಟೆಗೆ ಬಂದವು. ಹವ್ಯಾಸಿಗಳು ಅವನ್ನು ಕೊಂಡು, ತೊಳೆದು, ರಬ್ಬರ್ ಬಳೆ ಬದಲಿಸಿ ಬಿಯರ್ ತುಂಬಿದರು.

ಕೆಗ್ಗಿಗೆ ಎರಡು ಕೊಳವೆ. ಒಂದರಿಂದ ಇಂಗಾಲದ ಡೈ ಆಕ್ಸೈಡ್ ಒಳಹೋಗುತ್ತದೆ, ಇನ್ನೊಂದರಿಂದ ಬಿಯರ್ ಹೊರಬರುತ್ತದೆ. ಅನಿಲಕ್ಕೆ ಎರಡು ಕೆಲಸ: ಬಿಯರಿನಲ್ಲಿ ಕರಗಿ ನೊರೆ ಕೊಡುವುದು, ಬಿಯರನ್ನು ನಲ್ಲಿಯವರೆಗೆ ತಳ್ಳುವುದು.

ಇದಕ್ಕೆ ಎಷ್ಟು ಅನಿಲ ಬೇಕು? ಲೆಕ್ಕ ಸುಲಭ. ಸಾಮಾನ್ಯ ಬಿಯರಿನ ಪ್ರತಿ ಲೀಟರಿನಲ್ಲಿ ಸುಮಾರು ಎರಡೂವರೆ ಲೀಟರ್ ಅನಿಲ ಕರಗಿರುತ್ತದೆ. 19 ಲೀಟರಿಗೆ ಸುಮಾರು 47 ಲೀಟರ್ ಅನಿಲ. 22.4 ಲೀಟರ್ ಅನಿಲದ ತೂಕ 44 ಗ್ರಾಂ ಎಂಬುದನ್ನು ಪಿಯುಸಿ ವಿದ್ಯಾರ್ಥಿಯೂ ಬಲ್ಲ. ಹಾಗಾಗಿ ಕರಗಲು ಸುಮಾರು 93 ಗ್ರಾಂ ಬೇಕು. ಬಿಯರೆಲ್ಲ ಖಾಲಿಯಾದಾಗ ಡಬ್ಬಿಯ ತುಂಬ ಉಳಿಯುವ ಅನಿಲ ಇನ್ನೊಂದು 65 ಗ್ರಾಂನಷ್ಟು. ಒಟ್ಟು ಸುಮಾರು 160 ಗ್ರಾಂ. ಹವ್ಯಾಸಿಗಳ ಬಳಿ ಸಾಮಾನ್ಯವಾಗಿರುವ 5 ಪೌಂಡಿನ ಸಿಲಿಂಡರಿನಲ್ಲಿ 2.27 ಕಿಲೋ ಅನಿಲವಿರುತ್ತದೆ. ಕಾಗದದ ಮೇಲೆ ಹದಿನಾಲ್ಕು ಕೆಗ್ಗಿಗೆ ಸಾಕು. ಆದರೆ ತೊಳೆಯುವಾಗ ಹೊರಬಿಡುವುದು, ಸಂದುಗಳಲ್ಲಿ ಸೋರುವುದು ಎಲ್ಲ ಸೇರಿ ಅಷ್ಟು ಬಾರದು. ಹತ್ತು ಬಂದರೆ ಪುಣ್ಯ.

ಮುಳ್ಳು ಹೇಳುವ ಸುಳ್ಳು

ಇಲ್ಲೊಂದು ತಮಾಷೆಯಿದೆ. ಸಿಲಿಂಡರಿಗೆ ಹಾಕಿದ ಒತ್ತಡಮಾಪಕ ಅನಿಲ ಎಷ್ಟು ಉಳಿದಿದೆ ಎಂಬುದನ್ನು ಹೇಳುವುದೇ ಇಲ್ಲ! ಸಿಲಿಂಡರಿನಲ್ಲಿ ಇಂಗಾಲದ ಡೈ ಆಕ್ಸೈಡ್ ದ್ರವವಾಗಿರುತ್ತದೆ, ಅದರ ಮೇಲೆ ಅನಿಲ. ಅನಿಲ ಹೊರಹೋದಷ್ಟೂ ದ್ರವ ಆವಿಯಾಗಿ ಜಾಗ ತುಂಬುತ್ತದೆ. ಆದ್ದರಿಂದ ಒತ್ತಡ ಉಳಿದ ದ್ರವದ ಪ್ರಮಾಣವನ್ನು ಅವಲಂಬಿಸಿಲ್ಲ, ಉಷ್ಣತೆಯನ್ನು ಮಾತ್ರ ಅವಲಂಬಿಸಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾತಾವರಣದ ಒತ್ತಡದ ಸುಮಾರು 57 ಪಟ್ಟು. ಸಿಲಿಂಡರ್ ತುಂಬಿದ್ದರೂ ಅಷ್ಟೇ, ಒಂದು ಲೋಟ ದ್ರವ ಉಳಿದಿದ್ದರೂ ಅಷ್ಟೇ. ದ್ರವದ ಕೊನೆಯ ಹನಿ ಆವಿಯಾದ ಮೇಲೆ ಮುಳ್ಳು ಸರ್ರನೆ ಇಳಿಯುತ್ತದೆ. ಆಗ ಎಚ್ಚೆತ್ತು ಪ್ರಯೋಜನವಿಲ್ಲ.

ಇನ್ನು ಕೆಲವರು ಸಿಲಿಂಡರನ್ನು ಫ್ರಿಜ್ಜಿನೊಳಗೇ ಇಡುತ್ತಾರೆ. 4 ಡಿಗ್ರಿಯಲ್ಲಿ ಒತ್ತಡ 39 ಪಟ್ಟಿಗೆ ಇಳಿಯುತ್ತದೆ. ಹೊಸಬರು ಅದನ್ನು ನೋಡಿ ಮೂರನೆಯ ಒಂದು ಭಾಗ ಅನಿಲ ಸೋರಿಹೋಯಿತೆಂದು ಗಾಬರಿಯಾಗುತ್ತಾರೆ. ಹೋದದ್ದು ಏನೂ ಇಲ್ಲ, ತಣ್ಣಗಾಗಿದೆ ಅಷ್ಟೇ.

ಹಾಗಾದರೆ ಅಳೆಯುವುದು ಹೇಗೆ? ತಕ್ಕಡಿಯಿಂದ. ಸಿಲಿಂಡರಿನ ಹೆಗಲ ಮೇಲೆ ಖಾಲಿ ಸಿಲಿಂಡರಿನ ತೂಕವನ್ನು ಕೊರೆದಿರುತ್ತಾರೆ. ಒಟ್ಟು ತೂಕದಲ್ಲಿ ಅದನ್ನು ಕಳೆದರೆ ಉಳಿದದ್ದು ಅನಿಲ. ಅಡುಗೆ ಅನಿಲದ ಸಿಲಿಂಡರಿಗೂ ಇದೇ ನ್ಯಾಯ. ಅದರ ಜ್ವಾಲೆಯೂ ಕೊನೆಯ ದಿನದವರೆಗೆ ಹೆಚ್ಚು ಕಡಿಮೆ ಒಂದೇ ಸಮ ಉರಿಯುವುದು ಇದೇ ಕಾರಣಕ್ಕೆ.

ಎರಡು ದಾರಿ

ಅನಿಲ ಮುಗಿಯಿತು. ಈಗ ಎಲ್ಲಿಗೆ ಹೋಗಬೇಕು? ಅಮೆರಿಕದ ಊರುಗಳಲ್ಲಿ ವೆಲ್ಡಿಂಗ್ ಅನಿಲ ಮಾರುವವರು, ಅಗ್ನಿಶಾಮಕ ಉಪಕರಣ ದುರಸ್ತಿ ಮಾಡುವವರು, ಹವ್ಯಾಸಿಗಳಿಗೆ ಬಾರ್ಲಿ, ಹಾಪ್ಸ್ ಮಾರುವ ಅಂಗಡಿಗಳವರು ಇದನ್ನು ಒದಗಿಸುತ್ತಾರೆ. ಕೆಲವರು ತುಂಬಿಸಿಕೊಡುತ್ತಾರೆ, ಹಲವರು ಬದಲಿಸಿ ಮಾತ್ರ ಕೊಡುತ್ತಾರೆ.

ಬದಲಿಸಿಕೊಳ್ಳುವುದು ಐದು ನಿಮಿಷದ ಕೆಲಸ. ಖಾಲಿಯದನ್ನು ಕೌಂಟರಿನ ಮೇಲಿಟ್ಟು ತುಂಬಿದ್ದನ್ನು ಎತ್ತಿಕೊಂಡು ಬಂದರಾಯಿತು. ಆದರೆ ಹವ್ಯಾಸಿಗಳ ಗೋಳು ಇಲ್ಲಿಂದಲೇ ಶುರುವಾಗುತ್ತದೆ. ಹೊಸ ಸಿಲಿಂಡರ್ ಬೇಕೆಂದು ಹಣ ಕೂಡಿಟ್ಟು, ಫಳಫಳ ಹೊಳೆಯುವ ಅಲ್ಯೂಮಿನಿಯಂ ಸಿಲಿಂಡರನ್ನು ಕೊಂಡವನು ಮೊದಲ ಬದಲಾವಣೆಯಲ್ಲೇ ಅದನ್ನು ಕಳೆದುಕೊಳ್ಳುತ್ತಾನೆ. ಕೈಗೆ ಬರುವುದು ಬಣ್ಣ ಕಿತ್ತ, ಅಡಿಯಲ್ಲಿ ತುಕ್ಕು ಹಿಡಿದ, ಅದಕ್ಕಿಂತ ಭಾರವಾದ ಉಕ್ಕಿನದಾಗಿರಬಹುದು. ನಿಯಮದ ದೃಷ್ಟಿಯಲ್ಲಿ ಅನ್ಯಾಯವೇನೂ ಆಗಿಲ್ಲ. ಐದು ಪೌಂಡಿಗೆ ಐದು ಪೌಂಡು ಸಿಕ್ಕಿದೆ!

ತುಂಬಿಸಿಕೊಂಡರೆ ತನ್ನ ಸಿಲಿಂಡರ್ ತನ್ನ ಕೈಗೇ ಮರಳುತ್ತದೆ. ಅದರಲ್ಲಿ ಹಿಂದೆ ಏನಿತ್ತು, ನೀರು ಹೊಕ್ಕಿತ್ತೇ, ಎಲ್ಲಾದರೂ ಬಿದ್ದಿತ್ತೇ ಎಂಬುದು ಒಡೆಯನಿಗೆ ಗೊತ್ತಿರುತ್ತದೆ. ಕುಡಿಯುವ ಪದಾರ್ಥಕ್ಕೆ ಬಳಸುವಾಗ ಇದು ಸಣ್ಣ ಮಾತಲ್ಲ. ಒದ್ದೆ ಗಾಳಿ ಹೊಕ್ಕ ಉಕ್ಕಿನ ಸಿಲಿಂಡರಿನಲ್ಲಿ ನೀರೂ ಇಂಗಾಲದ ಡೈ ಆಕ್ಸೈಡೂ ಸೇರಿ ಕಾರ್ಬಾನಿಕ್ ಆಮ್ಲವಾಗಿ ಒಳಗೋಡೆಯನ್ನು ತಿನ್ನುತ್ತದೆ. ಅದಕ್ಕೇ ಸಿಲಿಂಡರನ್ನು ಪೂರ್ತಿ ಬರಿದು ಮಾಡದೆ ಚೂರು ಒತ್ತಡ ಉಳಿಸಿ ಕವಾಟ ಮುಚ್ಚಿಡಬೇಕೆಂದು ಬಲ್ಲವರು ಹೇಳುವುದು. ಆದರೆ ತುಂಬಿಸಲು ಬಿಟ್ಟು ಬರಬೇಕು, ದಿನಗಟ್ಟಲೆ ಕಾಯಬೇಕು. ಅಂಗಡಿಯವರು ಮೊದಲು ನೋಡುವುದು ಸಿಲಿಂಡರಿನ ಹೆಗಲ ಮೇಲೆ ಕೊರೆದ ದಿನಾಂಕವನ್ನು.

ಐದು ವರ್ಷದ ಪರೀಕ್ಷೆ

ಅಮೆರಿಕದ ಸಾರಿಗೆ ಇಲಾಖೆಯ ನಿಯಮದಂತೆ ಈ ಸಿಲಿಂಡರುಗಳನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಪರೀಕ್ಷೆಯ ವಿಧಾನ ಸೊಗಸಾದದ್ದು. ಸಿಲಿಂಡರಿನೊಳಗೆ ನೀರು ತುಂಬಿ, ನೀರು ತುಂಬಿದ ಇನ್ನೊಂದು ಹೊರ ಪಾತ್ರೆಯಲ್ಲಿಟ್ಟು, ಒಳಗಿನ ಒತ್ತಡವನ್ನು ಏರಿಸುತ್ತಾರೆ. ಚದರ ಅಂಗುಲಕ್ಕೆ 1,800 ಪೌಂಡ್ ಒತ್ತಡಕ್ಕೆಂದು ಮಾಡಿದ ಸಿಲಿಂಡರಿಗೆ 3,000 ಪೌಂಡ್, ಅಂದರೆ ಮೂರಕ್ಕೆ ಐದರ ಪ್ರಮಾಣ. ಸಿಲಿಂಡರ್ ಉಬ್ಬಿದಷ್ಟೂ ಹೊರ ಪಾತ್ರೆಯ ನೀರು ಅಳತೆಯ ಕೊಳವೆಗೆ ಏರುತ್ತದೆ. ಒತ್ತಡ ತೆಗೆದಾಗ ಲೋಹ ಮೊದಲಿನ ಗಾತ್ರಕ್ಕೆ ಮರಳಬೇಕು. ಉಬ್ಬಿದ್ದರಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಹಾಗೆಯೇ ಉಳಿದರೆ ಆ ಸಿಲಿಂಡರ್ ಗುಜರಿಗೆ. ಸ್ಥಿತಿಸ್ಥಾಪಕತೆಯ ಪಾಠ ಹೀಗೆ ಜೀವ ಉಳಿಸುತ್ತದೆ.

ನೀರನ್ನೇ ಏಕೆ ಬಳಸುತ್ತಾರೆ? ನೀರು ಹೆಚ್ಚು ಕುಗ್ಗುವುದಿಲ್ಲ, ಆದ್ದರಿಂದ ಶಕ್ತಿಯನ್ನು ಕೂಡಿಟ್ಟುಕೊಳ್ಳುವುದಿಲ್ಲ. ಪರೀಕ್ಷೆಯ ನಡುವೆ ಸಿಲಿಂಡರ್ ಬಿರಿದರೂ ನೀರು ಚಿಮ್ಮಿ ನಿಲ್ಲುತ್ತದೆ. ಅದೇ ಒತ್ತಡದ ಅನಿಲವಿದ್ದರೆ ಸಿಲಿಂಡರ್ ಬಾಂಬಾಗುತ್ತದೆ.

ದಿನಾಂಕ ಮೀರಿದ ಸಿಲಿಂಡರನ್ನು ತುಂಬುವಂತಿಲ್ಲ. ಆದರೆ ದಿನಾಂಕಕ್ಕೆ ಮೊದಲೇ ತುಂಬಿದ್ದರೆ ಖಾಲಿಯಾಗುವವರೆಗೆ ಬಳಸಬಹುದು. ಪರೀಕ್ಷೆಯ ಖರ್ಚು ಒಡೆಯನ ತಲೆಗೇ. ಬದಲಿಸುವವನಿಗೆ ಈ ಚಿಂತೆ ಇಲ್ಲ, ಅದು ವ್ಯಾಪಾರಿಯ ಹೊಣೆ. ಬದಲಾವಣೆಯ ಪದ್ಧತಿಗಿರುವ ದೊಡ್ಡ ಅನುಕೂಲ ಇದೇ. ಹೀಗಾಗಿ ಜಾಣರು ಪರೀಕ್ಷೆಯ ಅವಧಿ ಮುಗಿಯುತ್ತ ಬಂದ ಹಳೆಯ ಸಿಲಿಂಡರನ್ನು ಬದಲಿಸಿಕೊಳ್ಳುತ್ತಾರೆ, ಹೊಸದನ್ನು ತುಂಬಿಸಿಕೊಳ್ಳುತ್ತಾರೆ.

ಇನ್ನೊಂದು ತೊಡಕು ಇದೆ. ಹಳೆಯ ಸಾಮಾನಿನ ಸಂತೆಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ತಂದ ಸಿಲಿಂಡರಿನ ಕುತ್ತಿಗೆಯ ಬಳೆಯ ಮೇಲೆ ಯಾವುದೋ ಅನಿಲ ಕಂಪೆನಿಯ ಹೆಸರಿದ್ದರೆ, ಆ ಕಂಪೆನಿಯ ಒಪ್ಪಿಗೆಯಿಲ್ಲದೆ ಬೇರಾರೂ ಅದನ್ನು ತುಂಬುವಂತಿಲ್ಲ. ಕಾಸು ಕೊಟ್ಟು ಕೊಂಡದ್ದು ನಿಜ, ಮಾಲೀಕ ಮಾತ್ರ ಬೇರೆ!

ಮೂರನೆಯ ಒಂದು ಭಾಗ ಖಾಲಿ ಏಕೆ?

ತುಂಬಿಸುವವನ ಕೈಯಲ್ಲಿ ನಿಜವಾದ ಹೊಣೆಯಿದೆ. ಸಿಲಿಂಡರಿನಲ್ಲಿ ಎಷ್ಟು ತೂಕದ ನೀರು ಹಿಡಿಯುತ್ತದೋ ಅದರ ಶೇಕಡಾ 68ರಷ್ಟು ತೂಕದ ಇಂಗಾಲದ ಡೈ ಆಕ್ಸೈಡನ್ನು ಮಾತ್ರ ತುಂಬಬೇಕು. 5 ಪೌಂಡಿನ ಸಿಲಿಂಡರಿನಲ್ಲಿ ಸುಮಾರು 3.3 ಲೀಟರ್ ನೀರು ಹಿಡಿಯುತ್ತದೆ. ಇನ್ನಷ್ಟು ತುಂಬಿದರೆ ಗಿರಾಕಿಗೆ ಲಾಭವಲ್ಲವೇ ಎಂದು ಯಾರಾದರೂ ಕೇಳಬಹುದು.

ಇಂಗಾಲದ ಡೈ ಆಕ್ಸೈಡ್ ದ್ರವ ಬಿಸಿಯಾದರೆ ನೀರಿಗಿಂತ ಎಷ್ಟೋ ಹೆಚ್ಚು ಹಿಗ್ಗುತ್ತದೆ. 0 ಡಿಗ್ರಿಯಲ್ಲಿ ಅದರ ಒಂದು ಲೀಟರಿನ ತೂಕ ಸುಮಾರು 930 ಗ್ರಾಂ, 20 ಡಿಗ್ರಿಯಲ್ಲಿ 775 ಗ್ರಾಂ ಮಾತ್ರ. ತಣ್ಣಗಿರುವಾಗ ಕಂಠಪೂರ್ತಿ ತುಂಬಿದರೆ ಬಿಸಿಲಿಗೆ ಬಂದಾಗ ದ್ರವಕ್ಕೆ ಹಿಗ್ಗಲು ಜಾಗವಿರುವುದಿಲ್ಲ. ಆಗ ಒತ್ತಡ ಒಂದೊಂದು ಡಿಗ್ರಿಗೂ ಜಿಗಿಯುತ್ತದೆ. 31.1 ಡಿಗ್ರಿಯ ಮೇಲೆ ಇಂಗಾಲದ ಡೈ ಆಕ್ಸೈಡ್ ಎಷ್ಟು ಒತ್ತಿದರೂ ದ್ರವವಾಗಿ ಉಳಿಯುವುದಿಲ್ಲ. ಇದನ್ನು ಅದರ ಕ್ರಾಂತಿಕ ಉಷ್ಣತೆ ಎನ್ನುತ್ತಾರೆ. 1869ರಲ್ಲಿ ಥಾಮಸ್ ಆಂಡ್ರ್ಯೂಸ್ ಇದನ್ನು ವಿವರಿಸಿದ್ದು ಇದೇ ಅನಿಲದ ಮೇಲೆ ಪ್ರಯೋಗ ಮಾಡಿ. ರಾಯಚೂರಿನ ಬೇಸಿಗೆಯಲ್ಲಿ ಈ ಗಡಿ ಬೆಳಗಿನ ಹೊತ್ತಿಗೇ ದಾಟಿರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಂತೂ ಕೇಳುವುದೇ ಬೇಡ.

ಕವಾಟದ ಪಕ್ಕದಲ್ಲಿ ತೆಳುವಾದ ಲೋಹದ ಬಿಲ್ಲೆಯೊಂದಿರುತ್ತದೆ. ಒತ್ತಡ ಮಿತಿಮೀರಿದರೆ ಸಿಲಿಂಡರಿಗೆ ಬದಲು ಬಿಲ್ಲೆ ಹರಿದು ಅನಿಲ ಹೊರಹೋಗುತ್ತದೆ. ಕೆಲವರು ಹಣ ಉಳಿಸಲು ಒಣ ಮಂಜುಗಡ್ಡೆಯ ಪುಡಿಯನ್ನು ತಾವೇ ಸಿಲಿಂಡರಿಗೆ ತುರುಕುವುದುಂಟು. ತೂಕದಲ್ಲಿ ತಪ್ಪಿದರೆ ಉಳಿಯುವುದು ಆ ಬಿಲ್ಲೆಯೊಂದೇ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ವಾಸನೆ ಇಲ್ಲದ ಶತ್ರು

ಅಡುಗೆ ಅನಿಲ ಸೋರಿದರೆ ಮೂಗಿಗೆ ತಿಳಿಯುತ್ತದೆ. ಅದಕ್ಕೆಂದೇ ಅದರಲ್ಲಿ ದುರ್ವಾಸನೆಯ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಕುಡಿಯುವ ಪದಾರ್ಥಕ್ಕೆ ಬಳಸುವ ಇಂಗಾಲದ ಡೈ ಆಕ್ಸೈಡಿಗೆ ಹಾಗೆ ಬೆರೆಸಲಾಗದು. ಅದು ಉರಿಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ.

ಆ ಪುಟ್ಟ ಸಿಲಿಂಡರಿನ 2.27 ಕಿಲೋ ಅನಿಲ ಹೊರಬಂದರೆ ಸುಮಾರು 1,240 ಲೀಟರ್ ಆಗುತ್ತದೆ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಉಗ್ರಾಣದ ಕೋಣೆಯಲ್ಲಿ 10,000 ಲೀಟರ್ ಗಾಳಿ. ಅನಿಲದ ಪ್ರಮಾಣ ಶೇಕಡಾ 10ನ್ನು ಮೀರುತ್ತದೆ. ಸಾಮಾನ್ಯ ಗಾಳಿಯಲ್ಲಿ ಇರುವುದು ಶೇಕಡಾ 0.04 ಮಾತ್ರ. ಶೇಕಡಾ 4 ಆದರೇ ಪ್ರಾಣಕ್ಕೆ ಅಪಾಯ. 10 ಆದರೆ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪಬಹುದು. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಅದು ನೆಲಮಾಳಿಗೆಯಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. 1986ರ ಆಗಸ್ಟ್ 21ರ ರಾತ್ರಿ ಆಫ್ರಿಕದ ಕ್ಯಾಮರೂನಿನ ನ್ಯೋಸ್ ಸರೋವರದಿಂದ ಹೊರಬಿದ್ದ ಇದೇ ಅನಿಲ ಕಣಿವೆಗಳಿಗೆ ಇಳಿದು ಸುಮಾರು 1,700 ಜನರನ್ನು ಕೊಂದಿತು.

ಹಾಗಾಗಿ ಸಿಲಿಂಡರನ್ನು ತರುವಾಗ ನೆಟ್ಟಗೆ ನಿಲ್ಲಿಸಿ ಕಟ್ಟಬೇಕು, ಕಾರಿನ ಕಿಟಕಿ ತೆರೆದಿರಬೇಕು. ಮನೆಯಲ್ಲಿ ಗಾಳಿಯಾಡುವ ಜಾಗದಲ್ಲಿಡಬೇಕು. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ನೋಡಬೇಕು. ಕಾರಣವಿಲ್ಲದೆ ಏದುಸಿರು, ತಲೆನೋವು ಬಂದರೆ ಮೊದಲು ಹೊರಗೆ ಬರಬೇಕು, ಆಮೇಲೆ ಉಳಿದ ವಿಚಾರ.

ಕೈಯಲ್ಲಿದ್ದುದನ್ನು ಬಿಟ್ಟು

ಈ ಕಥೆಯಲ್ಲಿ ಇನ್ನೊಂದು ವಿಪರ್ಯಾಸವಿದೆ. ಯೀಸ್ಟ್ ಸಕ್ಕರೆಯನ್ನು ಒಡೆದಾಗ ಮದ್ಯಸಾರ ಎಷ್ಟು ಹುಟ್ಟುತ್ತದೋ ಹೆಚ್ಚು ಕಡಿಮೆ ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡೂ ಹುಟ್ಟುತ್ತದೆ. ಶೇಕಡಾ 5ರ 19 ಲೀಟರ್ ಬಿಯರ್ ತಯಾರಾಗುವಾಗ ಸುಮಾರು 700 ಗ್ರಾಂ ಅನಿಲ ಗುಳುಗುಳು ಎಂದು ಗಾಳಿಗೆ ಹೋಗುತ್ತದೆ. ಹವ್ಯಾಸಿ ಅಂಗಡಿಯಿಂದ ಕೊಂಡು ತರುವುದು 160 ಗ್ರಾಂ. ನಾಲ್ಕು ಪಟ್ಟು ಹೊರಬಿಟ್ಟು ಒಂದು ಪಟ್ಟು ಕೊಂಡಂತಾಯಿತು! ಹಿಡಿದಿಡೋಣವೆಂದರೆ ಅದನ್ನು ಶುದ್ಧಗೊಳಿಸಿ ಒತ್ತುವ ಯಂತ್ರ ಮನೆಗೆ ಎಟಕುವಂಥದ್ದಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಕೆಲವು ಇದನ್ನು ಮಾಡುತ್ತವೆ.

ಮನೆಯವನಿಗೂ ಒಂದು ಹಳೆಯ ಉಪಾಯವಿದೆ. ಹುದುಗಿ ಮುಗಿದ ಬಿಯರಿಗೆ 110 ಗ್ರಾಂನಷ್ಟು ಸಕ್ಕರೆ ಬೆರೆಸಿ ಕೆಗ್ಗಿನ ಬಾಯಿ ಮುಚ್ಚಿಟ್ಟರೆ, ಉಳಿದ ಯೀಸ್ಟೇ ಬೇಕಾದ ಅನಿಲವನ್ನು ಒದಗಿಸುತ್ತದೆ. ಆಗ ಸಿಲಿಂಡರಿಗೆ ತಳ್ಳುವ ಕೆಲಸ ಮಾತ್ರ. ಖರ್ಚು ಅರ್ಧಕ್ಕೂ ಕಡಿಮೆ.

ಈ ಮಿತವ್ಯಯ ಈಗ ಬರಿಯ ಹವ್ಯಾಸವಾಗಿ ಉಳಿದಿಲ್ಲ. ಮಾರುಕಟ್ಟೆಯ ಇಂಗಾಲದ ಡೈ ಆಕ್ಸೈಡಿನ ಬಹುಪಾಲು ಅಮೋನಿಯ ಮತ್ತು ಎಥನಾಲ್ ಕಾರ್ಖಾನೆಗಳ ಉಪ ಉತ್ಪನ್ನ. ಅವು ನಿಂತರೆ ಇದೂ ನಿಲ್ಲುತ್ತದೆ. 2018ರ ಬೇಸಿಗೆಯಲ್ಲಿ ಯೂರೋಪಿನ ಅಮೋನಿಯ ಕಾರ್ಖಾನೆಗಳು ಮುಚ್ಚಿದ್ದಾಗ ಬ್ರಿಟನ್ನಿನಲ್ಲಿ ಬಿಯರಿಗೂ ತಂಪು ಪಾನೀಯಕ್ಕೂ ಅನಿಲ ಸಾಲಲಿಲ್ಲ. 2020ರಲ್ಲಿ ಕೋವಿಡ್‌ನಿಂದ ಪೆಟ್ರೋಲ್ ಮಾರಾಟ ಕುಸಿದು ಅಮೆರಿಕದ ಎಥನಾಲ್ ಕಾರ್ಖಾನೆಗಳು ನಿಂತಾಗಲೂ ಕೊರತೆಯಾಯಿತು. 2022ರಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ಡೋಮ್ ಎಂಬ ನೈಸರ್ಗಿಕ ನೆಲೆಯ ಅನಿಲದಲ್ಲಿ ಕಲ್ಮಶ ಬೆರೆತು ಮತ್ತೆ ಬಿಕ್ಕಟ್ಟು ತಲೆದೋರಿತು. ಜಗತ್ತಿನ ವಾತಾವರಣಕ್ಕೆ ಹೆಚ್ಚಾಯಿತೆಂದು ಎಲ್ಲರೂ ದೂರುವ ಅನಿಲ ಬಾಟಲಿಗೆ ಬೇಕೆಂದಾಗ ಸಿಗಲಿಲ್ಲ.

ಕೊನೆಗೆ ಯಾವುದು ಸರಿ?

ಅನುಭವಸ್ಥರ ತೀರ್ಮಾನ ಸರಳ. ಒಳ್ಳೆಯ ಹೊಸ ಸಿಲಿಂಡರ್ ಇದ್ದು, ತೂಕ ನೋಡಿ ತುಂಬುವ ನಂಬಿಕಸ್ಥ ಅಂಗಡಿ ಹತ್ತಿರವಿದ್ದರೆ ತುಂಬಿಸುವುದು ಮೇಲು. ಅಂಥ ಅಂಗಡಿ ಇಲ್ಲದಿದ್ದರೆ, ಅಥವಾ ಸಮಯವೇ ಇಲ್ಲದಿದ್ದರೆ ಬದಲಿಸುವುದು. ಬದಲಿಸುವವನು ಹೊಸ ಸಿಲಿಂಡರಿಗೆ ಹಣ ಹಾಕಬಾರದು. ಅನುಕೂಲವಿರುವವರು 20 ಪೌಂಡಿನ ಒಂದನ್ನು ತುಂಬಿಸಿಟ್ಟುಕೊಂಡು, ಆಪತ್ತಿಗೆಂದು 5 ಪೌಂಡಿನ ಒಂದನ್ನು ಬದಲಿಸಿಕೊಳ್ಳುತ್ತಾರೆ. ಯಾವ ದಾರಿ ಹಿಡಿದರೂ ದಿನಾಂಕ ಓದುವುದು, ತೂಕ ನೋಡುವುದು ತಪ್ಪಿಸುವಂತಿಲ್ಲ.

ಅಡುಗೆ ಮನೆಯ ಸಿಲಿಂಡರಿಗೆ ಇಷ್ಟೊಂದು ಆಯ್ಕೆ ಇಲ್ಲ. ಅಲ್ಲಿ ಬದಲಾವಣೆಯೊಂದೇ ದಾರಿ. ಆದರೆ ಓದುವ ಹಕ್ಕು ಅಲ್ಲಿಯೂ ಇದೆ. ಸಿಲಿಂಡರಿನ ಮೇಲುಭಾಗದ ಹಿಡಿಗೆ ಆಧಾರವಾಗಿರುವ ಮೂರು ಪಟ್ಟಿಗಳಲ್ಲಿ ಒಂದರ ಒಳಮೈಯಲ್ಲಿ ಒಂದು ಅಕ್ಷರ ಮತ್ತು ಎರಡಂಕಿಯ ವರ್ಷ ಬರೆದಿರುತ್ತದೆ. ಎ ಎಂದರೆ ಮಾರ್ಚ್, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್ ಕೊನೆಯವರೆಗೆ. ಮುಂದಿನ ಪರೀಕ್ಷೆ ಅಷ್ಟರೊಳಗೆ ಆಗಬೇಕು ಎಂದು ಅರ್ಥ. ಅವಧಿ ಮೀರಿದ್ದರೆ ಆ ಸಿಲಿಂಡರನ್ನು ಬೇಡವೆನ್ನಬಹುದು. ಪಕ್ಕದಲ್ಲೇ ಖಾಲಿ ತೂಕವೂ ಇದೆ, ಅದಕ್ಕೆ 14.2 ಕಿಲೋ ಕೂಡಿಸಿ ತೂಗಿ ತೋರಿಸುವಂತೆ ಹುಡುಗನನ್ನು ಕೇಳಬಹುದು.

ಮುಂದಿನ ಸಲ ಬಾಗಿಲಲ್ಲಿ ಸಿಲಿಂಡರ್ ಬಂದು ನಿಂತಾಗ, ಹಣ ಎಣಿಸುವ ಮುನ್ನ ಅರ್ಧ ನಿಮಿಷ ಬಗ್ಗಿ ನೋಡಿದರೆ ಸಾಕು.